ಬಿದರೆ ದಾಟಿದ ಮೇಲೆ

ಮೊದಲೆಲ್ಲ ಡೀಸೆಲ್ಲು ಬರುವುದು ಕಾಲಿಗೆ ಗೊತ್ತಾಗುತ್ತಿತ್ತು,
ಆಮೇಲೆ ಕಿವಿಗೆ, ಕೊನೆಗೆ ಮೂಗಿಗೆ.
ಈ ಕರೆಂಟಿನ ಗಾಡಿ ಹಾಗಲ್ಲ.
ತಿರುಗಿ ನೋಡುವಷ್ಟರಲ್ಲಿ ಬಂದು ನಿಂತಿರುತ್ತದೆ,
ಕೈಸಾಲ ಕೇಳಲು ಬಂದ ನೆಂಟನ ಹಾಗೆ,
ಬಾಗಿಲಲ್ಲಿ.

ಶಿವಮೊಗ್ಗ ಟೌನು, ಸಂಜೆ ಏಳು ಐದು.
ನಾವು ಕಾಲರಿನವರು, ಕಫ್ಫಿನವರು, ಕಾಜಾದವರು.
ಮೂರನೇ ಡಬ್ಬಿಯ ಬಲಗಡೆ ನಮ್ಮದು ಅಂತ
ಯಾರೂ ಬರೆದುಕೊಟ್ಟಿಲ್ಲ. ಆದರೂ ನಮ್ಮದು.
ಜೈಬುನ್ನಿಸಾ ಕೂತ ತಕ್ಷಣ ಚಪ್ಪಲಿ ಬಿಡುತ್ತಾಳೆ.
ಹಾಲಮ್ಮ ಸೊಪ್ಪು ಬಿಡಿಸುತ್ತಾಳೆ, ತರೀಕೆರೆ ಬರುವಷ್ಟರಲ್ಲಿ
ಸಾರಿಗೆ ರೆಡಿ.
ಪೇಪರ್ ಟೌನಿನ ಸೆಲ್ವಿ ನಿಂತೇ ನಿದ್ದೆ ಮಾಡುತ್ತಾಳೆ;
ಇಳಿಯುವ ಸ್ಟೇಷನ್ನು ಅವಳ ಕಾಲಿಗೇ ಗೊತ್ತು.
ಪ್ರೈವೇಟ್ ಬಸ್ಸಿಗೆ ಸುರಿಯುತ್ತಿದ್ದ ದುಡ್ಡಲ್ಲಿ ಪಾಸು ಕೊಂಡು
ಉಳಿದದ್ದು ಮಗಳ ಟ್ಯೂಷನ್ನಿಗೆ.
ಪ್ರಗತಿ ಅಂತ ಅವತ್ತು ಮೈಕಿನಲ್ಲಿ ಹೇಳಿದರು.
ನಮಗೆ ಅದು,
ಕೂತರೂ ಕಾಲು ಪೆಡಲಿನ ಮೇಲಿಲ್ಲದ
ನಲವತ್ತು ನಿಮಿಷ.

ಶಿಕಾರಿಪುರದ ಹುಚ್ಚರಾಯ ತಂತಿ ಕೆಲಸದವನು.
ಒಮ್ಮೆ ಕೇಳಿದೆ: ಅದ್ಯಾಕೋ ಮೇಲಿನ ತಂತಿ
ಕಂಬದಿಂದ ಕಂಬಕ್ಕೆ ಆಚೆ ಈಚೆ ವಾಲಿದೆ,
ಕುಡಿದು ಹೊಲಿದ ಹಾಗೆ?
ನೇರ ಕಟ್ಟಿದ್ರೆ ಗಾಡಿ ಎತ್ತಿದ ಕೈ
ಒಂದೇ ಜಾಗದಲ್ಲಿ ಸವೆದು ತುಂಡಾಗುತ್ತೆ ಅಕ್ಕಾ, ಅಂದ.
ನಾನು ನನ್ನ ಬಲಗೈ ಹೆಬ್ಬೆರಳು ನೋಡಿಕೊಂಡೆ.
ಹನ್ನೊಂದು ವರ್ಷ ಕಾಲರು.
ಬರೀ ಕಾಲರು.

ಬಿದರೆ ದಾಟಿದ ಮೇಲೆ ದೀಪ ಹೋಗುತ್ತದೆ.
ಫ್ಯಾನೂ. ದಿನಾ, ಅದೇ ಜಾಗಕ್ಕೆ.
ಆ ಕಡೆಯ ಕರೆಂಟು ಈ ಕಡೆಯದಕ್ಕೆ ತಾಗಬಾರದಂತೆ;
ಗದ್ದೆ ಪಾಲಾದ ಮೇಲೆ ಅಣ್ಣ ತಮ್ಮ ಬದು ಬಿಟ್ಟ ಹಾಗೆ
ನಡುವೆ ಒಂದಿಷ್ಟು ತಂತಿ ಯಾರದ್ದೂ ಅಲ್ಲ.
ಮತ್ತೆ ಗಾಡಿ ಹೇಗೋ ಹೋಗುತ್ತೆ?
ಬಂದ ಓಟದಲ್ಲೇ, ಅಂದ.

ಹನ್ನೆರಡು ಸೆಕೆಂಡು. ಸೆಲ್ವಿ ಎಣಿಸಿದ್ದಾಳೆ, ಒಣ್ಣು, ರೆಂಡು, ಮೂಣು.
ಕತ್ತಲಲ್ಲಿ ಒಬ್ಬಳು ಐಡಿ ಕಾರ್ಡು ಕಳಚುತ್ತಾಳೆ.
ಒಬ್ಬಳು ಹೂಂ ಅನ್ನುತ್ತಾಳೆ, ಯಾರೂ ಏನೂ ಕೇಳದೆ.
ಎದುರು ಸೀಟಿನ ಕೂಸು ನಗುತ್ತದೆ, ಅದಕ್ಕೆ ಇದು ಆಟ.
ಗಾಲಿಯ ಸದ್ದು ಆಗಷ್ಟೇ ಕೇಳುವುದು,
ಇಷ್ಟು ಹೊತ್ತು ಮಾತಿನಡಿ ಹೂತುಹೋದದ್ದು.

ಮೊನ್ನೆ ಗುರುವಾರ ಆ ಕತ್ತಲಲ್ಲಿ ಒಂದು ದನಿ:
"ಹದಿನೈದು ದಿನ ಆಯ್ತು. ಸೂಜಿ ಕಣ್ಣು ಕಾಣಿಸ್ತಿಲ್ಲ ನನಗೆ.
ಸೂಪರ್‌ವೈಸರಿಗೆ ಹೇಳಬೇಡಿ."

ದೀಪ ಬಂತು.
ಎಲ್ಲರೂ ಒಟ್ಟಿಗೆ ಚೀಲದಲ್ಲಿ ಟಿಫಿನ್ ಡಬ್ಬಿ ಹುಡುಕಿದೆವು.
ಹಾಲಮ್ಮನ ಕೈಯಲ್ಲಿ ಸೊಪ್ಪಿನ ದಂಟು ಹಾಗೇ ಇತ್ತು.
ಜೈಬು ಕಿಟಕಿ ನೋಡುತ್ತಿದ್ದಳು;
ಹೊರಗೆ ಏನಿತ್ತು, ಅವಳದೇ ಮುಖ.
ಯಾರು ಅಂತ ಯಾರೂ ಕೇಳಲಿಲ್ಲ.
ಭದ್ರಾವತಿಯಲ್ಲಿ ಇಳಿಯುವವರು ಇಳಿದರು,
ಬರ್ತೀನಿ ಅನ್ನುವುದನ್ನು ಮಾತ್ರ
ಎರಡೆರಡು ಸಲ ಅಂದರು.

ಶುಕ್ರವಾರ ಬೆಳಿಗ್ಗೆ, ಗಂಟೆಗೆ ಎಂಬತ್ತು ಪೀಸು ಅನ್ನುವ ಬೋರ್ಡಿನ ಕೆಳಗೆ,
ಸೆಲ್ವಿಯ ಮಿಷಿನ್ನಿಗೆ ಜೈಬು ದಾರ ಹಾಕಿಟ್ಟಿದ್ದಳು.
ಜೈಬುವಿನದಕ್ಕೆ ಕಾಜಾದ ಹುಡುಗಿ.
ಆ ಹುಡುಗಿಯದಕ್ಕೆ ಹಾಲಮ್ಮ, ಕನ್ನಡಕ ಮೂಗಿಗಿಳಿಸಿ,
ಈ ಕಾಲದ ಸೂಜಿಗಳನ್ನು ಬಯ್ಯುತ್ತ.
ಯಾರಿಗೆ ಬೇಕೋ ಗೊತ್ತಿಲ್ಲದ್ದಕ್ಕೆ
ಎಲ್ಲರಿಗೂ.

ನನ್ನ ಮಿಷಿನ್ನಿಗೂ ಯಾರೋ ಹಾಕಿದ್ದರು.
ಬೇಡ ಅನ್ನಲಿಲ್ಲ.
ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದೆ.
ನೀಲಿ ದಾರ.
ನೀಲಿಯೇ ಇರಬೇಕು.