ಭೋಂಗಾ

ನಮ್ಮ ಬ್ಯಾಂಡಿನ ಹೆಸರು ಭೋಂಗಾ.
ಮಿಲ್ಲು ಮುಚ್ಚಿದ ಮ್ಯಾಲೆ ಸೊಲ್ಲಾಪುರದಾಗ
ಆ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಅಂಬಾದಾಸ ಹದಿನಾರು ಮಗ್ಗದ ಸದ್ದು
ಮೊಬೈಲಿನಾಗ ಹಿಡಕೊಂಡು ಬಂದ.
ನಾ ಅದನ್ನ ಕತ್ತರಿಸಿ, ತಿರುವಿ, ಮತ್ತ ಕತ್ತರಿಸಿ
ಕುಣಿಯೂ ಹಂಗ ಮಾಡಿದೆ.
ಚಂದ್ರಭಾಗಾ ಹಾಡಲಿಲ್ಲ, ಓದಿದಳು:
ಯಾರ ಬೆರಳು, ಯಾವ ಪಾಳಿ, ಎಷ್ಟು ಪಗಾರ ಕಡಿತ.

ಮೊದಲ ರಾತ್ರಿ ನಲವತ್ತು ಮಂದಿ ಕುಣಿದರು.
ಎರಡನೇದಕ್ಕ ಮಾಲಕರ ಹೆಸರೂ ಓದಿದಳು;
ಅರ್ಧ ತಾಸಿಗೆ ಕರೆಂಟ್ ಹೋತು,
ಪೊಲೀಸರು ಬ್ಯಾಟರಿ ಹಿಡಕೊಂಡು ಬಂದರು.
ಕತ್ತಲದಾಗೂ ಕಾಲು ನಿಂದರಲಿಲ್ಲ.

ಪುಣೆಯಾಗ ಮುನ್ನೂರು ರೂಪಾಯಿ ಟಿಕೀಟು.
ಬೆರಳಿನ ಲೆಕ್ಕ ಓದೂವಾಗ
ಅಲ್ಲಿ ಮಂದಿ ಸೀಟಿ ಹೊಡದರು.
ಬಸ್ಸಿನಾಗ ಚಂದ್ರಿ ಟೆಂಭುರ್ಣಿ ತನಕ ಮಾತಾಡಲಿಲ್ಲ.
ಅದೇ ಕಡೇದು.

ಅಂಬಾದಾಸ ಈಗ ಭಿವಂಡಿಯಾಗ.
ನಾನು ಹಳದಿಗೆ, ವರಾತಕ್ಕ ಡಿಜೆ.

ಅಪ್ಪಗ ಕಿವಿ ಇಲ್ಲ, ಮಗ್ಗ ತಿಂದಾವ.
ಒಮ್ಮೆ ಹಳೇದು ಹಚ್ಚಿದಾಗ
ಸ್ಪೀಕರಿನ ಮ್ಯಾಲೆ ಅಂಗೈ ಇಟ್ಟು
ಕಣ್ಣು ಮುಚ್ಚಿ ನಿಂತ.
ಕುಣೀತಾನೇನೋ ಅಂತ ನೋಡಿದೆ.

"ಮೂರನೇ ಮಗ್ಗದ ಪಟ್ಟಾ ಸಡಲ ಆಗೇದ.
ಬಂದ್ ಮಾಡು," ಅಂದ,
"ಯಾರದರೆ ಕೈ ಹೋಗತದ."