ಹದಿನೇಳು ನಂಬರಿನ ಅಂಗಿ

ಕಡಲ ತಳದ ಸುರಂಗಕ್ಕೆ ಬಸ್ಸು ಇಳಿಸುವಾಗ
ಮೊದಲ ಎರಡು ಉಸಿರಿಗೆ ಏನೂ ಕಾಣುವುದಿಲ್ಲ.
ಆಮೇಲೆ ಕಣ್ಣೊಳಗಿನ ಬಾಗಿಲು ತಾನೇ ಅಗಲವಾಗುತ್ತದೆ,
ಗೋಡೆಗಲ್ಲಿನ ಒದ್ದೆ ಹೊಳೆಯುತ್ತದೆ.
ಅಪರ್ಚರ್ ಅಂದರೆ ಇಷ್ಟೇ, ಎಂದಿದ್ದ ಸೀಮುನ್,
ತನ್ನ ಹಳೇ ಕ್ಯಾಮೆರಾ ನನಗೆ ದಾಟಿಸುವಾಗ.
ಬಸ್ಸಿನ ಒಂದು ಟೈರಿಗಿಂತ ಕಡಿಮೆ ಬೆಲೆ.
ಜೊತೆಗೆ ಒಂದೇ ಕಣ್ಣು, ಐವತ್ತು ಎಂಎಂ,
ಹಿಗ್ಗದು, ಕುಗ್ಗದು.

ಹ್ಯಾಂಡ್‌ಬಾಲ್ ಹುಡುಗಿಯರನ್ನು ಕ್ಲಾಕ್ಸ್‌ವೀಕಿನ ಹಾಲಿಗೆ ಇಳಿಸಿ
ಎರಡು ಗಂಟೆ ಎಂಜಿನ್ ಆರಿಸಿ ಕೂರುತ್ತಿದ್ದೆ,
ಕಾಲಿಗೆ ಕಂಬಳಿ, ಗಾಜಿಗೆ ನನ್ನದೇ ಉಸಿರು.
ಈಗ ಒಳಗೆ ಬರುತ್ತೇನೆ.

ಬೆಳಕಿದೆ ಅನ್ನುತ್ತದೆ ಕಣ್ಣು,
ಇಲ್ಲ ಅನ್ನುತ್ತದೆ ಕ್ಯಾಮೆರಾ.
ಜಗಳದಲ್ಲಿ ಕ್ಯಾಮೆರಾದ ಮಾತೇ ಸರಿ.
ನಮಗೆ ಕಾಣದ ಹಾಗೆ ಟ್ಯೂಬ್‌ಲೈಟು ರೆಪ್ಪೆ ಬಡಿಯುತ್ತದೆ:
ಒಂದು ಚಿತ್ರದಲ್ಲಿ ಮಕ್ಕಳೆಲ್ಲ ಕಾಮಾಲೆ ಹಿಡಿದವರು,
ಮರುಚಿತ್ರದಲ್ಲಿ ಅವರೇ ಪಾಚಿ ಬಣ್ಣ.
ಫ್ಲ್ಯಾಷ್ ಹಾಕಕೂಡದು, ಗೋಲ್‌ಕೀಪರಿನ ಕಣ್ಣು ಕುಕ್ಕುತ್ತದೆ,
ಕೋಚ್ ಹೆರ್ಬೊರ್ಗ್ ಮೊದಲ ದಿನವೇ ಬೆರಳೆತ್ತಿದ್ದಾಳೆ.
ಐಎಸ್ಒ ಏರಿಸಿದೆ. ರವೆ ಚೆಲ್ಲಿದ ಹಾಗೆ ಕಾಳುಕಾಳು.
ಇರಲಿ. ರವೆಯೊಳಗೂ ಮುಖ ಸಿಕ್ಕರೆ ಸಾಕು.

ಎದುರು ತಂಡದ ಯಾವನೋ ಅಪ್ಪ
ಫಿರಂಗಿಯಂಥ ಬಿಳಿ ಲೆನ್ಸು ಹೊತ್ತು ಬರುತ್ತಾನೆ,
ಕೂತಲ್ಲಿಂದಲೇ ಎರಡೂ ಗೋಲು ಅವನವು.
ದೂರದ ಗೋಲು ನನಗೆ ಎಟುಕದು, ಬಿಟ್ಟಿದ್ದೇನೆ.
ಹತ್ತಿರದ್ದರ ಪಕ್ಕ, ಗೆರೆಯಾಚೆ,
ಸೀಟಿನ ಹಳೇ ಸ್ಪಂಜು ಮೊಣಕಾಲಿಗೆ ಕಟ್ಟಿಕೊಂಡು
ನಮ್ಮವರು ಇತ್ತ ಬರಲಿ ಎಂದು ಕಾಯುತ್ತೇನೆ.
ಕಾಯುವುದು ಗೊತ್ತು. ಮೂವತ್ತು ವರ್ಷ ಸ್ಟಾಪುಗಳಲ್ಲಿ ಕಾದಿದ್ದೇನೆ.

ಯಾರೂ ಹೇಳಿಕೊಡದೆ ಕಲಿತದ್ದು ಒಂದು:
ಜಿಗಿದ ಮಗು ನೆತ್ತಿಯಲ್ಲಿ ಒಂದು ಚಿಟಿಕೆ ನಿಲ್ಲುತ್ತದೆ.
ಏರಿದ್ದು ಮುಗಿದಿದೆ, ಇಳಿಯುವುದು ಶುರುವಾಗಿಲ್ಲ,
ಉಯ್ಯಾಲೆ ತುದಿ ಮುಟ್ಟಿ ಯೋಚಿಸಿದಂತೆ.
ಬಡವರ ಶಟರಿಗೆ ಅಲ್ಲಿ ಜಾಗವಿದೆ.
ಬಿಯರ್ತಾ ಮೂರು ಹೆಜ್ಜೆ ಹಾಕಿ ನೆಲ ಬಿಡುತ್ತಾಳೆ,
ಮೂರನೆಯ ಹೆಜ್ಜೆಗೇ ನಾನು ಒತ್ತಿರಬೇಕು.
ಕಂಡ ಮೇಲೆ ಒತ್ತಿದರೆ ಸಿಗುವುದು
ಖಾಲಿ ಗಾಳಿ, ಜಡೆಯ ತುದಿ,
ಅಂಟು ಮೆತ್ತಿದ ಅರ್ಧ ಚೆಂಡು.
ಇನ್ನೂರರಲ್ಲಿ ಆರು ಉಳಿಯುತ್ತವೆ.
ಮಿಕ್ಕದ್ದನ್ನು ಸ್ಟಿಯರಿಂಗಿಗೆ ಒರಗಿ ಅಳಿಸುತ್ತೇನೆ.

ಮಾರ್ಯುನಳನ್ನು ತೆಗೆಯುವುದು ಸುಲಭ.
ಹದಿನೇಳು ನಂಬರು, ಬೆಂಚಿನ ಕೊನೆ, ಅಲುಗುವುದಿಲ್ಲ.
ಲೇಸು ಕಟ್ಟುತ್ತಾಳೆ, ಬಿಚ್ಚುತ್ತಾಳೆ, ಕಟ್ಟುತ್ತಾಳೆ.
ಕಿಟಕಿಯ ತುಸು ಬೆಳಕು ಅಲ್ಲಿಗೇ ಬೀಳುತ್ತದೆ.
ರೆಪ್ಪೆಗೂದಲು ಎಣಿಸಬಹುದಾದ ಚಿತ್ರ;
ಇಷ್ಟು ಚೊಕ್ಕ ಕೆಲಸ ಈ ಡಬ್ಬಿಗೆ ಬರುತ್ತದೆಂದು
ನನಗೇ ಗೊತ್ತಿರಲಿಲ್ಲ.
ಆ ಶನಿವಾರ, ಸೋಲು ಖಚಿತವಾದ ಮೇಲೆ,
ಅವಳಿಗೂ ಮೂರು ನಿಮಿಷ ಸಿಕ್ಕಿತು.

ಅಗ್ಗದ ಕಾಗದದಲ್ಲಿ ಅಚ್ಚು ಹಾಕಿಸಿ
ನನ್ನ ಸೀಟಿನ ಹಿಂದೆ ಕ್ಲಿಪ್ಪಿಗೆ ನೇತುಹಾಕಿದೆ,
ತಮ್ಮತಮ್ಮದು ತೆಗೆದುಕೊಳ್ಳಲಿ.
ಮಾರ್ಯುನಳಿಗೆಂದೇ ಬೆಂಚಿನ ಚಿತ್ರ, ದೊಡ್ಡದಾಗಿ.
ನೋಡಿದಳು. ಚೆನ್ನಾಗಿದೆ ಅಂದಳು. ಮುಟ್ಟಲಿಲ್ಲ.
ಕೆಳಗೆ, ಕಸಕ್ಕೆಂದು ಇಟ್ಟ ಕಟ್ಟಿನಿಂದ ಒಂದನ್ನು ಎಳೆದಳು:
ನಾನು ಅಳಿಸಲು ಮರೆತದ್ದು, ಅಂಗಡಿಯವ ಅದನ್ನೂ ಅಚ್ಚು ಹಾಕಿದ್ದ.
ಫೋಕಸ್ಸು ಹಿಂದಿನ ಗೋಡೆಗೆ,
ಹಸಿರು ಮುಖ, ಕಾಲೆಂದರೆ ಎರಡು ಗೀಚು,
ಒಂದೂ ಏಳೂ ಕರಗಿ ಬರೀ ಬಿಳಿ.
"ಯಾರೂಂತ ಗೊತ್ತೇ ಆಗಲ್ಲವಲ್ಲ" ಅಂದೆ.
"ನಂಗೆ ಗೊತ್ತು" ಅಂದಳು. "ಓಡ್ತಾ ಇದೀನಿ."

ಬಸ್ಸು ಸುರಂಗಕ್ಕಿಳಿಯಿತು.
ಕನ್ನಡಿಯಲ್ಲಿ ಎಲ್ಲರೂ ಕತ್ತಲಾದರು.
ಹಿಂದೆ ಯಾರೋ ಕಿತ್ತಳೆ ಸುಲಿಯುತ್ತಿದ್ದರು.