ಯಾರ ಮನೆಯದು

ಸುವಾಮೆಯಲ್ಲಿ ಬೆಳಗಾಗುವುದು ಕೋಳಿಯಿಂದಲ್ಲ,
ಸುತ್ತಿಗೆಯಿಂದ.
ಐದೂವರೆಗೆ ಒಂದು ಏಟು, ಆಮೇಲೆ ಹತ್ತು,
ಆಮೇಲೆ ಎಣಿಸುವವರಿಲ್ಲ.

ಸೆರ್ವಾ ಅಮ್ಮನ ಹಳೇ ಬೆಂಜ್ ವ್ಯಾನು
ನಿನ್ನೆ ಎಡಕ್ಕೆ ವಾಲಿಕೊಂಡೇ ಬಂದು ನಿಂತಿತು,
ಹದಿನೆಂಟು ಜನ, ಎರಡು ಮೇಕೆ, ಒಂದು ಮೂಟೆ ಮರಗೆಣಸು ಇಳಿಸಿ.
ಸ್ಪ್ರಿಂಗ್ ಪಟ್ಟಿಯ ಶ್ಯಾಕಲ್ ಹೋಗಿದೆ ಅಂದ ಡ್ರೈವರ್ ಬದು,
ಅಡಿಯಲ್ಲಿ ಮಲಗಿದ್ದವನು.
ಅವನ ಕಾಲುಗಳೇ ಮಾತಾಡಿದಂತಿತ್ತು.

ನಾನು ಮೇಟ್.
ಬಾಗಿಲಿಗೆ ಜೋತುಬಿದ್ದು ಊರಿನ ಹೆಸರು ಕೂಗುವವನು,
ಚಿಲ್ಲರೆಗೆ ಬೈಸಿಕೊಳ್ಳುವವನು, ಸಾಮಾನಿಗೆ ಓಡುವವನು.
ಅಮ್ಮ ನೋಟು ಮಡಿಸಿ ಅಂಗೈಗೊತ್ತಿದಳು:
ಹೋಮ್ ಯೂಸ್ಡೇ ತಾ. ಬೇರೆ ಏನೂ ಬೇಡ.

ನಮ್ಮಲ್ಲಿ ಹೋಮ್ ಅಂದರೆ ಸಮುದ್ರದಾಚೆ.
ಯಾವನೋ ಬಿಳಿಯ ಓಡಿಸಿ ಬಿಟ್ಟದ್ದು
ಹಡಗು ಹತ್ತಿ ಬಂದರೆ ಅದು ಮನೆಯದು.
ಇಲ್ಲೇ ಹುಟ್ಟಿದ್ದಕ್ಕೆ ಹೆಸರೇ ಇಲ್ಲ,
ಹಿತ್ತಲ ಗಿಡ.

ಅಂಪೋಫೊನ ಅಂಗಡಿಯಲ್ಲಿ ಮುನ್ನೂರ ನಲವತ್ತು.
ಮೂಸಿ ನೋಡು, ಹ್ಯಾಂಬರ್ಗಿನ ಚಳಿ ಇನ್ನೂ ಒಳಗಿದೆ, ಅಂದ.
ಮೂಸಿದೆ. ತುಕ್ಕು.
ಎದುರಿನಂಗಡಿಯಲ್ಲಿ ಚೀನಾದ ಹೊಸತು, ನೂರ ಅರವತ್ತು,
ಎಣ್ಣೆಕಾಗದದಲ್ಲಿ ಸುತ್ತಿ, ಹೊಳೆಯುವ ಡಬ್ಬಿಯಲ್ಲಿ.
ಡಬ್ಬಿಯ ಮೇಲೆ ಮೂರು ಕಡೆ ಬರೆದಿತ್ತು: ಅಸಲಿ.
ಒಂದೇ ಸಲ ಬರೆದಿದ್ದರೆ ನಂಬುತ್ತಿದ್ದೆನೇನೋ.

ಹೋದ ವರ್ಷ ಅಂಥದ್ದೇ ಒಂದು ಆರು ವಾರಕ್ಕೆ ಸೀಳಿತು.
ಡಬ್ಬಿಯ ಮೇಲಿನ ನಂಬರಿಗೆ ಬದು ಫೋನು ಹಚ್ಚಿದ.
ಯಾವುದೋ ಹುಡುಗಿಯ ದನಿ, ತಿಳಿಯದ ಭಾಷೆಯಲ್ಲಿ,
ಇಂಪಾಗಿ ಏನೋ ಹೇಳಿತು. ಮತ್ತೆ ಹೇಳಿತು. ಮತ್ತೆ.
ಬದು ಥ್ಯಾಂಕ್ಯೂ ಅಂದು ಇಟ್ಟ.

ಬೇವಿನ ಮರದ ಕೆಳಗೆ ಬೋಆದಿ ಅಜ್ಜ.
ಅಂಗಡಿಯಿಲ್ಲ, ಬೋರ್ಡಿಲ್ಲ, ಒಂದು ಕುಲುಮೆ,
ತಿದಿಗೆ ಸೈಕಲ್ಲಿನ ಚಕ್ರ.
ಮುರಿದ ತುಂಡು ಕೊಟ್ಟೆ. ರಂಧ್ರದೊಳಗೆ ಬೆರಳು ತೂರಿ
ಕಣ್ಣು ಮುಚ್ಚಿದ, ನಾಡಿ ಹಿಡಿದವರ ಹಾಗೆ.
ತೊಂಬತ್ತು ಕೊಡು, ಮಧ್ಯಾಹ್ನ ಬಾ.

ಅವನದೂ ಒಮ್ಮೆ ಮುರಿದಿತ್ತು, ಮುಚ್ಚಿಡುವುದೇಕೆ.
ಮಾಂಪೊಂಗ್ ಏರಿನಲ್ಲಿ, ರಾತ್ರಿ, ಟೊಮೇಟೊ ತುಂಬಿದಾಗ.
ಜನ ನಮ್ಮ ಏಳು ತಲೆಮಾರಿಗೂ ಶಾಪ ಹಾಕಿದರು.
ನಸುಕಿನಲ್ಲಿ ಇನ್ನೊಂದು ವ್ಯಾನಿನಿಂದ ಅಜ್ಜನೇ ಇಳಿದ,
ಜೇಬಿನಲ್ಲಿ ಹೊಸ ಪಿನ್ನು, ಇನ್ನೂ ಬಿಸಿ.
ತಪ್ಪು ನನ್ನದು, ಅವಸರಪಟ್ಟೆ, ಅಂದ.
ಅಮ್ಮನಿಗೆ ನೆನಪಿರುವುದು ಕೊಳೆತ ಟೊಮೇಟೊ.
ನನಗೆ ಆ ಜೇಬು.

ನಾನು ಹೋಗಲಿಲ್ಲ. ಕಲ್ಲಿನ ಮೇಲೆ ಕೂತು ನೋಡಿದೆ.
ಅಜ್ಜ ಗುಜರಿ ರಾಶಿಯಿಂದ ಹಳೇ ಆಕ್ಸಲ್ಲಿನ ತುಂಡೆತ್ತಿದ.
ಮೈಮೇಲೆ ಜರ್ಮನಿಯ ಅಕ್ಷರ.
ಬೆಂಕಿಗಿಟ್ಟ. ಕಬ್ಬಿಣ ಕೆಂಪಾಯಿತು, ಅಕ್ಷರವೂ,
ಮೂರನೇ ಏಟಿಗೆ ಅರ್ಧ ಹೋಯಿತು,
ಒಂದು ಬಾಲ ಮಾತ್ರ ಬಹಳ ಹೊತ್ತು ಹಟ ಹಿಡಿದಿತ್ತು.
ಅಮ್ಮ ಕೇಳಿದರೆ ಹೇಳು, ಅಂದ ಅಜ್ಜ, ಸುತ್ತಿಗೆ ನಿಲ್ಲಿಸದೆ,
ಇದೂ ಹೋಮ್ ಯೂಸ್ಡೇ.
ಯಾರ ಮನೆ ಅಂತ ಮಾತ್ರ ಕೇಳಬೇಡ ಅನ್ನು.

ಉಳಿದ ಇನ್ನೂರ ಐವತ್ತು ಸೆಡಿ ಅಮ್ಮನ ಮುಂದಿಟ್ಟೆ.
ಆಕೆ ದುಡ್ಡು ಎಣಿಸಿದಳು, ಎರಡು ಸಲ,
ಶ್ಯಾಕಲ್ಲನ್ನು ಉಗುರಿನಿಂದ ಕೆರೆದಳು,
ನನ್ನ ಮುಖ ನೋಡಿದಳು.
ಏನೂ ಕೇಳಲಿಲ್ಲ. ಅದೇ ಭಯ.

ಇವತ್ತು ಮಾಂಪೊಂಗಿಗೆ ಮೊದಲ ಟ್ರಿಪ್ಪು.
ಟಾಪಿನ ಮೇಲೆ ಮತ್ತೆ ಟೊಮೇಟೊ.
ಬಾಗಿಲಿಗೆ ಜೋತುಬಿದ್ದಿದ್ದೇನೆ, ಕಿವಿ ಪೂರ್ತಿ
ಎಡಗಡೆಯ ಹಿಂದಿನ ಚಕ್ರದ ಮೇಲೆ.
ಜಮಾಸಿ ಬಂತು, ಹೋಯಿತು,
ಕೂಗಲು ಮರೆತೆ.
ಒಬ್ಬ ಮುದುಕಿ ಹಿಂದಿನಿಂದ ತಲೆಗೆ ಮೊಟಕಿದಳು:
ಲೋ, ನಾನಿಳಿಯುವ ಊರು ಎಲ್ಲೋ?